ಬಾಸ್ಕೆಟ್‌ಬಾಲ್ ಬಾಕ್ಸ್ ಸ್ಕೋರ್: ಒಲಿಂಪಿಕ್ಸ್ ಆಟದ್ದನ್ನು ಓದುವುದು, ನಮ್ಮೂರ ಕೋರ್ಟಿನದ್ದನ್ನು ಬರೆಯುವುದು

ಮಂಡ್ಯದಲ್ಲಿ ಕಬ್ಬು ಬೆಳೆಯುವವರಿಗೆ ಈ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಗದ್ದೆಯಿಂದ ಎಷ್ಟು ಟನ್ ಹೋಯಿತು ಅನ್ನೋದು ಒಂದು ಲೆಕ್ಕ. ಅದರಲ್ಲಿ ಸಕ್ಕರೆ ಇಳುವರಿ ಎಷ್ಟು ಬಂತು ಅನ್ನೋದು ಇನ್ನೊಂದು ಲೆಕ್ಕ. ಬಾಸ್ಕೆಟ್‌ಬಾಲ್ ನೋಡುವಾಗ ಮಾತ್ರ ನಾವೆಲ್ಲ ಟನ್ ಲೆಕ್ಕವನ್ನೇ ಹಿಡಿದುಕೊಂಡು ಕೂರುತ್ತೇವೆ. "ಯಾರು ಎಷ್ಟು ಪಾಯಿಂಟ್ ಹೊಡೆದರು?" ಅಷ್ಟೇ ಪ್ರಶ್ನೆ.

ನಾನು ಇಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಈ ಆಟ ಹೇಳಿಕೊಡುತ್ತೇನೆ. ಒಂದು ಟೂರ್ನಿಯಲ್ಲಿ ನಮ್ಮ ಹುಡುಗಿಯರು ಗೆದ್ದರು. 16 ಪಾಯಿಂಟ್ ಮಾಡಿದ 7ನೇ ನಂಬರಿನ ಹುಡುಗಿಗೆ ಉತ್ತಮ ಆಟಗಾರ್ತಿ ಬಹುಮಾನ ಬಂತು. 9ನೇ ನಂಬರಿನವಳು ಮಾಡಿದ್ದು 8 ಪಾಯಿಂಟ್. ಅವಳ ಹೆಸರನ್ನು ಮೈಕಿನಲ್ಲಿ ಯಾರೂ ಕೂಗಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಸುಮ್ನೆ ಹೊರಟಳು. ಅವತ್ತು ರಾತ್ರಿ ನಾನು ಬರೆದಿಟ್ಟಿದ್ದ ಪುಸ್ತಕ ತೆಗೆದು ಇಬ್ಬರ ಸಾಲನ್ನೂ ಪಕ್ಕಪಕ್ಕ ಇಟ್ಟೆ. ಆ ಆಟ ಗೆದ್ದುಕೊಟ್ಟಿದ್ದು 9ನೇ ನಂಬರ್. ಅದು ಹೇಗೆ ಗೊತ್ತಾಯಿತು ಅನ್ನೋದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಮೊದಲು ದೇಶ ದೇಶಗಳ ನಡುವಿನ ದೊಡ್ಡ ಆಟಗಳ ಅಂಕಿಅಂಶ ಓದಲು ಕಲಿಯೋಣ. ಆಮೇಲೆ ನಮ್ಮ ಕೋರ್ಟಿಗೆ ಬರೋಣ.

ಶುರು ಮಾಡುವ ಮುಂಚೆ

ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ನಡೆಸುವ ಆಟಗಳ ಅಂಕಿಅಂಶ ಆಟ ಮುಗಿಯುತ್ತಿದ್ದಂತೆ ಅವರ ಅಧಿಕೃತ ವೆಬ್‌ಸೈಟಿಗೆ ಬರುತ್ತದೆ. ಪ್ರತಿ ಆಟಗಾರರಿಗೆ ಒಂದೊಂದು ಸಾಲು ಇರುವ ಆ ಪಟ್ಟಿಗೇ ಬಾಕ್ಸ್ ಸ್ಕೋರ್ ಅನ್ನುತ್ತಾರೆ. ಮೊಬೈಲಿನಲ್ಲಿ ನೋಡುವುದಾದರೆ ಅಡ್ಡ ಹಿಡಿಯಿರಿ. ಇಲ್ಲದಿದ್ದರೆ ಬಲಗಡೆಯ ಕಾಲಂಗಳು ಕಾಣುವುದೇ ಇಲ್ಲ. ನಮಗೆ ಬೇಕಾದದ್ದು ಜಾಸ್ತಿ ಇರುವುದು ಅಲ್ಲೇ.

ಒಂದು ಮಾತು ನೆನಪಿರಲಿ. ಅಂತರರಾಷ್ಟ್ರೀಯ ಆಟ 10 ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 40 ನಿಮಿಷ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಆಟ 48 ನಿಮಿಷ. ಇಲ್ಲಿ 5 ಫೌಲಿಗೆ ಆಟಗಾರ ಹೊರಗೆ, ಅಲ್ಲಿ 6ಕ್ಕೆ. ಇಲ್ಲಿ ಮೂರು ಪಾಯಿಂಟ್ ಗೆರೆ 6.75 ಮೀಟರ್, ಅಲ್ಲಿ 7.24. ಹಾಗಾಗಿ ಎನ್‌ಬಿಎಯಲ್ಲಿ 30 ಹೊಡೆಯುವವರು ದೇಶದ ಪರ ಆಡುವಾಗ 20 ಹೊಡೆದರೆ ಆಟ ಕೆಟ್ಟಿತು ಅಂದುಕೊಳ್ಳಬೇಡಿ.

ಹೆಜ್ಜೆ 1: ಮೊದಲು ಕ್ವಾರ್ಟರ್ ಸ್ಕೋರ್ ನೋಡಿ

ಆಟಗಾರರ ಸಾಲಿಗೆ ಇಳಿಯುವ ಮುಂಚೆ ಮೇಲಿರುವ ಚಿಕ್ಕ ಪಟ್ಟಿ ನೋಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಸೆಮಿಫೈನಲ್‌ನಲ್ಲಿ ಅಮೆರಿಕ 95, ಸರ್ಬಿಯಾ 91. ಇಷ್ಟೇ ಓದಿದರೆ ಉದ್ದಕ್ಕೂ ಸಮಸಮವಾಗಿ ನಡೆದ ಆಟ ಅನ್ನಿಸುತ್ತದೆ. ಆದರೆ ಮೂರು ಕ್ವಾರ್ಟರ್ ಮುಗಿದಾಗ ಸರ್ಬಿಯಾ 76, ಅಮೆರಿಕ 63. ಕೊನೆಯ ಹತ್ತು ನಿಮಿಷವನ್ನು ಅಮೆರಿಕ 32–15ರಲ್ಲಿ ಗೆದ್ದಿತು. ಇನ್ನು ಆಟಗಾರರ ಸಾಲು ಓದುವಾಗ ನಿಮ್ಮ ತಲೆಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಆ ಕೊನೆಯ ಹತ್ತು ನಿಮಿಷದಲ್ಲಿ ಯಾರೇನು ಮಾಡಿದರು? ಪ್ರಶ್ನೆ ಇಟ್ಟುಕೊಂಡು ಓದಿದರೆ ಅಂಕಿಗಳು ಮಾತಾಡುತ್ತವೆ.

ಹೆಜ್ಜೆ 2: ನಿಮಿಷಗಳ ಕಾಲಂ

ಹೆಸರಿನ ಪಕ್ಕದಲ್ಲೇ ಎಷ್ಟು ಹೊತ್ತು ಆಡಿದರು ಅಂತ ಇರುತ್ತದೆ. 12 ನಿಮಿಷದಲ್ಲಿ 8 ಪಾಯಿಂಟ್, 35 ನಿಮಿಷದಲ್ಲಿ 8 ಪಾಯಿಂಟ್, ಎರಡೂ ಒಂದೇ ಅಲ್ಲ. ಡಿ.ಎನ್.ಪಿ. ಅಂತ ಇದ್ದರೆ ಬೆಂಚಿನಲ್ಲೇ ಕೂತಿದ್ದರು ಅಂತ ಅರ್ಥ. ಒಂದು ತಂಡದ ಎಲ್ಲರ ನಿಮಿಷ ಕೂಡಿದರೆ 200 ಬರಬೇಕು, ಐದು ಜನ ನಲವತ್ತು ನಿಮಿಷ. ಸ್ಕೋರ್ ಸಮವಾಗಿ 5 ನಿಮಿಷದ ಒಂದು ಓವರ್‌ಟೈಮ್ ಆಗಿದ್ದರೆ 225.

ಹೆಜ್ಜೆ 3: ಎಷ್ಟು ಬಿತ್ತು ಅಲ್ಲ, ಎಷ್ಟಕ್ಕೆ ಎಷ್ಟು ಬಿತ್ತು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಇಡೀ ಬಾಕ್ಸ್ ಸ್ಕೋರಿನ ಜೀವ ಇರುವುದು ಇಲ್ಲೇ.

ಶಾಟ್‌ಗಳಿಗೆ ಮೂರು ಕಾಲಂ ಇರುತ್ತವೆ: ಎರಡು ಪಾಯಿಂಟಿನವು, ಮೂರು ಪಾಯಿಂಟಿನವು, ಫ್ರೀ ಥ್ರೋ (ಫೌಲ್ ಆದಾಗ ಯಾರೂ ತಡೆಯದೆ ಎಸೆಯಲು ಸಿಗುವ ಒಂದು ಪಾಯಿಂಟಿನ ಎಸೆತ). ಪ್ರತಿಯೊಂದರಲ್ಲೂ 8/12 ಅನ್ನೋ ತರಹ ಬರೆದಿರುತ್ತದೆ. ಹನ್ನೆರಡು ಎಸೆದು ಎಂಟು ಬಿತ್ತು ಅಂತ. ಫೀಲ್ಡ್ ಗೋಲ್ ಅಂತ ಇನ್ನೊಂದು ಕಾಲಂ ಇದ್ದರೆ ಅದು ಎರಡರದ್ದೂ ಮೂರರದ್ದೂ ಕೂಡಿದ ಮೊತ್ತ. ಅದನ್ನು ಮತ್ತೆ ಸೇರಿಸಿ ಎಣಿಸಬೇಡಿ. ಹೊಸಬರು ಎಡವುವುದು ಇಲ್ಲೇ.

ಪ್ಯಾರಿಸ್ ಫೈನಲ್ ತೆಗೆದುಕೊಳ್ಳಿ. ಅಮೆರಿಕ 98, ಫ್ರಾನ್ಸ್ 87. ಆ ಆಟದಲ್ಲಿ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ಮಾಡಿದವರು ಸೋತ ತಂಡದ ವಿಕ್ಟರ್ ವೆಂಬನ್ಯಾಮ, 26. ಗೆದ್ದ ಕಡೆಯ ಸ್ಟೀಫನ್ ಕರಿ 24. ಕರಿಯವರ 24ರಲ್ಲಿ ಒಂದೊಂದು ಪಾಯಿಂಟೂ ಗೆರೆಯಾಚೆಯಿಂದಲೇ ಬಂದದ್ದು, 12 ಎಸೆದು 8 ಹಾಕಿದರು. ಇದನ್ನು ಹೀಗೆ ಯೋಚಿಸಿ ನೋಡಿ. 12 ಎಸೆತದಲ್ಲಿ 24 ಪಾಯಿಂಟ್ ಬೇಕು, ಎರಡು ಪಾಯಿಂಟಿನ ಶಾಟ್ ಮಾತ್ರ ಹೊಡೆಯಬಹುದು ಅಂದರೆ ಒಂದನ್ನೂ ತಪ್ಪಿಸುವ ಹಾಗಿಲ್ಲ. ಅವರು ನಾಲ್ಕು ತಪ್ಪಿಸಿಯೂ ಅಷ್ಟೇ ತಂದರು. ಅದರಲ್ಲೂ ನಾಲ್ಕು ಬಿದ್ದದ್ದು ಕೊನೆಯ ಮೂರು ನಿಮಿಷದ ಒಳಗೆ.

ಎರಡಕ್ಕೂ ಮೂರಕ್ಕೂ ನಡುವಿನ ಅಂತರ ಎಷ್ಟು ಅಂತ ಕೇಳಿದರೆ, ನಾನು ಮಹಿಳೆಯರ ಫೈನಲ್ ತೋರಿಸುತ್ತೇನೆ. 2024ರ ಆಗಸ್ಟ್ 11, ನಮಗೆ ಭಾನುವಾರ ಸಂಜೆ. ಅಮೆರಿಕ 67, ಫ್ರಾನ್ಸ್ 64. ಕೊನೆಯ ಕ್ಷಣದಲ್ಲಿ ಫ್ರಾನ್ಸಿನ ಗ್ಯಾಬಿ ವಿಲಿಯಮ್ಸ್ ಎಸೆದ ಚೆಂಡು ಬೋರ್ಡಿಗೆ ಬಡಿದು ಒಳಗೆ ಬಿತ್ತು. ಮೂರು ಅಂತಾಗಿದ್ದರೆ ಆಟ ಸಮ, ಓವರ್‌ಟೈಮ್. ಆದರೆ ಅವರ ಪಾದ ಗೆರೆಯ ಮೇಲಿತ್ತು. ಎರಡೇ ಪಾಯಿಂಟ್. 67–66, ಚಿನ್ನ ಅಮೆರಿಕಕ್ಕೆ. ಮೂರು ಪಾಯಿಂಟ್ ಗೆರೆ ಎರಡು ಪಾಯಿಂಟ್ ಜಾಗಕ್ಕೆ ಸೇರಿದ್ದು. ಗೆರೆ ತುಳಿದರೆ ಎರಡೇ. ಬಾಕ್ಸ್ ಸ್ಕೋರಿನಲ್ಲಿ ಆ ಶಾಟ್ ಎರಡು ಪಾಯಿಂಟಿನ ಕಾಲಂನಲ್ಲಿ ಒಂದು ಅಂಕಿಯಾಗಿ ಕೂತಿದೆ, ಅಷ್ಟೇ. ನನಗೆ ಈಗಲೂ ಆ ಅಂಕಿ ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಎಸೆತ ಎಣಿಸುವಾಗ ಎರಡು ನಿಯಮ ಗೊತ್ತಿರಬೇಕು. ಶಾಟ್ ಹೊಡೆಯುವಾಗ ಫೌಲ್ ಆಗಿ ಚೆಂಡು ಬೀಳದಿದ್ದರೆ, ಆ ಎಸೆತ ಲೆಕ್ಕಕ್ಕಿಲ್ಲ, ಫ್ರೀ ಥ್ರೋ ಮಾತ್ರ ಲೆಕ್ಕ. ಫೌಲ್ ಆಗಿಯೂ ಬಿದ್ದರೆ ಎಸೆತವೂ ಲೆಕ್ಕ, ಬುಟ್ಟಿಯೂ ಲೆಕ್ಕ, ಮೇಲೆ ಒಂದು ಫ್ರೀ ಥ್ರೋ ಬೇರೆ. ಎದುರಾಳಿ ಬ್ಲಾಕ್ ಮಾಡಿದರೆ, ಅಂದರೆ ಎಸೆದ ಚೆಂಡನ್ನು ಕೈಯಿಂದ ತಡೆದರೆ, ಅದು ತಪ್ಪಿದ ಎಸೆತವೇ.

ಈಗ ಇಳುವರಿ ಲೆಕ್ಕ. ಇದಕ್ಕೆ ಟ್ರೂ ಶೂಟಿಂಗ್ ಅನ್ನುತ್ತಾರೆ. ಒಟ್ಟು ಪಾಯಿಂಟನ್ನು, 2 × (ಎಸೆತ + 0.44 × ಫ್ರೀ ಥ್ರೋ) ಇಂದ ಭಾಗಿಸಿ. ಆ 0.44 ಎಲ್ಲಿಂದ ಬಂತು ಅಂದರೆ, ಎಲ್ಲ ಫ್ರೀ ಥ್ರೋಗೂ ಒಂದು ಸರದಿ (ಚೆಂಡು ತಂಡದ ಕೈಗೆ ಬಂದು ಹೋಗುವವರೆಗಿನ ಒಂದು ಅವಕಾಶ) ಖರ್ಚಾಗುವುದಿಲ್ಲ. ಎರಡು ಫ್ರೀ ಥ್ರೋ ಸೇರಿ ಒಂದು ಸರದಿ, ಬುಟ್ಟಿ ಬಿದ್ದ ಮೇಲೆ ಸಿಗುವ ಒಂದು ಫ್ರೀ ಥ್ರೋಗೆ ಬೇರೆ ಸರದಿಯೇ ಇಲ್ಲ. ಎಲ್ಲ ಸೇರಿಸಿ ಸರಾಸರಿ ಹಿಡಿದಾಗ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಬರುತ್ತದೆ.

ನಮ್ಮ ಹುಡುಗಿಯರ ಲೆಕ್ಕ ಹಾಕೋಣ. 7ನೇ ನಂಬರ್: ಎರಡರಲ್ಲಿ 5/14, ಮೂರರಲ್ಲಿ 1/6, ಫ್ರೀ ಥ್ರೋ 3/6, ಒಟ್ಟು 16. ಎಸೆತ 20. 20 + 0.44 × 6 = 22.64. ಅದರ ಎರಡರಷ್ಟು 45.28. 16 ÷ 45.28 ಅಂದರೆ ಶೇ. 35. 9ನೇ ನಂಬರ್: ಎರಡರಲ್ಲಿ 3/5, ಮೂರರಲ್ಲಿ 0/2, ಫ್ರೀ ಥ್ರೋ 2/2, ಒಟ್ಟು 8. ಎಸೆತ 7. 8 ÷ 15.76 ಅಂದರೆ ಶೇ. 51. ಟನ್ ಎರಡರಷ್ಟು, ಇಳುವರಿ ಮೂರನೇ ಒಂದು ಭಾಗ ಕಮ್ಮಿ.

ಫ್ರೀ ಥ್ರೋ ಬಗ್ಗೆ ಒಂದು ಮಾತು. 2017ರ ಮಹಿಳೆಯರ ಏಷ್ಯಾ ಕಪ್ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಬಿ ಡಿವಿಷನ್ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು 75–73ರಲ್ಲಿ ಸೋಲಿಸಿ ಮೇಲಿನ ಡಿವಿಷನ್‌ಗೆ ಏರಿತು. ಎ ಡಿವಿಷನ್ ಫೈನಲ್‌ನಲ್ಲಿ ಜಪಾನ್ 74, ಆಸ್ಟ್ರೇಲಿಯಾ 73. ಒಂದು ಆಟಕ್ಕೆ ಎರಡು ಪಾಯಿಂಟ್, ಇನ್ನೊಂದಕ್ಕೆ ಒಂದೇ ಒಂದು. ಪ್ರಾಕ್ಟೀಸ್ ಮುಗಿದ ಮೇಲೆ ಹತ್ತು ಫ್ರೀ ಥ್ರೋ ಹಾಕಿ ಮನೆಗೆ ಹೋಗಿ ಅಂದರೆ ಮುಖ ಸಿಂಡರಿಸುವ ಮಕ್ಕಳಿಗೆ ನಾನು ಹೇಳುವುದು ಈ ಎರಡು ಸ್ಕೋರ್‌ಗಳನ್ನೇ.

ಹೆಜ್ಜೆ 4: ರಿಬೌಂಡ್

ಇದರಲ್ಲಿ ಆಫೆನ್ಸ್, ಡಿಫೆನ್ಸ್ ಅಂತ ಎರಡು ಕಾಲಂ, ಪಕ್ಕದಲ್ಲಿ ಮೊತ್ತ. ಮೊತ್ತ ನೋಡಿ ಮುಂದೆ ಹೋಗಬೇಡಿ. ಎದುರಾಳಿ ತಪ್ಪಿಸಿದ ಚೆಂಡು ಹಿಡಿಯುವುದು ಡಿಫೆನ್ಸ್ ರಿಬೌಂಡ್. ನಾವು ನಿಂತಿರುವುದೇ ರಿಂಗಿನ ಕೆಳಗೆ, ಜಾಗ ನಮ್ಮದು. ನಮ್ಮವರೇ ತಪ್ಪಿಸಿದ್ದನ್ನು ಎದುರಾಳಿಗಳ ನಡುವೆ ನುಗ್ಗಿ ಹಿಡಿಯುವುದು ಆಫೆನ್ಸ್ ರಿಬೌಂಡ್. ಅದು ತಂಡಕ್ಕೆ ಇನ್ನೊಂದು ಎಸೆತ ದಾನ ಕೊಟ್ಟ ಹಾಗೆ. ಮಹಿಳೆಯರ ಫೈನಲ್‌ನಲ್ಲಿ ಏಜಾ ವಿಲ್ಸನ್ 21 ಪಾಯಿಂಟ್ ಜೊತೆ 13 ರಿಬೌಂಡ್ ಹಿಡಿದರು. ಒಂದೇ ಪಾಯಿಂಟಿನಲ್ಲಿ ಮುಗಿದ ಆಟದಲ್ಲಿ 13 ರಿಬೌಂಡಿನ ಬೆಲೆ ಎಷ್ಟು, ನೀವೇ ಯೋಚಿಸಿ.

ನಮ್ಮ 9ನೇ ನಂಬರಿಗೆ ಅವತ್ತು 9 ರಿಬೌಂಡ್, ಅದರಲ್ಲಿ 4 ಆಫೆನ್ಸ್. 7ನೇ ನಂಬರಿಗೆ 2, ಎರಡೂ ಡಿಫೆನ್ಸ್. 7ನೇ ನಂಬರ್ ತಪ್ಪಿಸಿದ ಚೆಂಡುಗಳಲ್ಲಿ ಮೂರನ್ನು ಹಿಡಿದು ವಾಪಸ್ ತಂದವಳು 9.

ಯಾರ ಕೈಗೂ ಸಿಗದೆ ಚೆಂಡು ಹೊರಗೆ ಹೋದರೆ ಅದು ತಂಡದ ಹೆಸರಿಗೆ ರಿಬೌಂಡ್. ಆಟಗಾರರ ರಿಬೌಂಡ್ ಕೂಡಿದ್ದಕ್ಕಿಂತ ಕೊನೆಯ ಮೊತ್ತ ಜಾಸ್ತಿ ಕಂಡರೆ ಕಾರಣ ಇದೇ.

ಹೆಜ್ಜೆ 5: ಅಸಿಸ್ಟ್ ಮತ್ತು ಟರ್ನೋವರ್ ಜೋಡಿ

ಇವೆರಡನ್ನೂ ಒಟ್ಟಿಗೇ ಓದಿ. ಬುಟ್ಟಿಗೆ ನೇರವಾಗಿ ದಾರಿ ಮಾಡಿಕೊಟ್ಟ ಪಾಸ್ ಅಸಿಸ್ಟ್. ಚೆಂಡನ್ನು ಎಸೆಯದೇ ಕಳೆದುಕೊಂಡರೆ ಟರ್ನೋವರ್. ಕೆಟ್ಟ ಪಾಸ್, ಟ್ರಾವೆಲಿಂಗ್ (ಚೆಂಡು ಬಡಿಯದೆ ಹೆಜ್ಜೆ ಹಾಕಿದ್ದು), ಎಸೆಯಲು ಇರುವ 24 ಸೆಕೆಂಡ್ ಮೀರಿದ್ದು, ಆಫೆನ್ಸ್‌ನಲ್ಲಿ ಮಾಡಿದ ಫೌಲ್, ಎಲ್ಲ ಇದರಲ್ಲೇ ಬರುತ್ತದೆ. ಅಸಿಸ್ಟ್ ಟರ್ನೋವರ್‌ಗಿಂತ ಎರಡು ಪಟ್ಟು ಇದ್ದರೆ ಚೆಂಡು ಒಳ್ಳೆಯ ಕೈಯಲ್ಲಿದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಫಿಬಾ ಲೆಕ್ಕದಲ್ಲಿ ಒಂದು ವಿಶೇಷ ಇದೆ. ಪಾಸ್ ಹಿಡಿದವರು ಶಾಟ್ ಹೊಡೆಯುವಾಗ ಫೌಲ್ ಆಗಿ, ಆ ಫ್ರೀ ಥ್ರೋಗಳಲ್ಲಿ ಒಂದಾದರೂ ಬಿದ್ದರೆ ಪಾಸ್ ಕೊಟ್ಟವರಿಗೆ ಅಸಿಸ್ಟ್ ಸಿಗುತ್ತದೆ. ಎನ್‌ಬಿಎಯಲ್ಲಿ ಹಾಗಿಲ್ಲ.

ಸರ್ಬಿಯಾ ವಿರುದ್ಧದ ಆ ಸೆಮಿಫೈನಲ್‌ನಲ್ಲಿ ಎಲ್ಲರೂ ಕರಿಯವರ 36 ಪಾಯಿಂಟ್ ಬಗ್ಗೆ ಮಾತಾಡಿದರು, ಅದು ಸರಿಯೇ. ಪಕ್ಕದ ಸಾಲಿನಲ್ಲಿ ಲೆಬ್ರಾನ್ ಜೇಮ್ಸ್ 16 ಪಾಯಿಂಟ್, 12 ರಿಬೌಂಡ್, 10 ಅಸಿಸ್ಟ್. ಮೂರೂ ಎರಡಂಕಿ ಆದ್ದರಿಂದ ಅದು ಟ್ರಿಪಲ್ ಡಬಲ್. ಎದುರುಗಡೆ ನಿಕೋಲಾ ಯೋಕಿಚ್ 17 ಪಾಯಿಂಟ್, 11 ಅಸಿಸ್ಟ್. ಪಾಯಿಂಟ್ ಕಾಲಂ ಒಂದನ್ನೇ ಓದಿದವರಿಗೆ ಈ ಇಬ್ಬರೂ ಸಾಧಾರಣ ಆಡಿದರು ಅನ್ನಿಸಿಬಿಡುತ್ತದೆ, ಅಲ್ವಾ?

ಹೆಜ್ಜೆ 6: ಸ್ಟೀಲ್, ಬ್ಲಾಕ್, ಫೌಲ್

ಇವನ್ನು ಬೇಗ ನೋಡಿ ಮುಗಿಸಬಹುದು. ಸ್ಟೀಲ್ ಅಂದರೆ ಎದುರಾಳಿಯಿಂದ ಚೆಂಡು ಕಸಿದದ್ದು, ಹಾಗಾಗಿ ಪ್ರತಿ ಸ್ಟೀಲ್‌ಗೂ ಎದುರಾಳಿಯ ಒಂದು ಟರ್ನೋವರ್ ಇದ್ದೇ ಇರುತ್ತದೆ. ಫೌಲ್ ಕಾಲಂನಲ್ಲಿ 4 ಅಥವಾ 5 ಕಂಡರೆ ನಿಮಿಷದ ಕಾಲಂಗೆ ವಾಪಸ್ ಹೋಗಿ. ಒಳ್ಳೆಯ ಆಟಗಾರ ಕಮ್ಮಿ ಆಡಿದ್ದಕ್ಕೆ ಕಾರಣ ಬಹಳ ಸಲ ಅಲ್ಲಿರುತ್ತದೆ.

ಹೆಜ್ಜೆ 7: ಎಫಿಶಿಯನ್ಸಿ ಮತ್ತು ಪ್ಲಸ್ ಮೈನಸ್

ಫಿಬಾ ಪಟ್ಟಿಯ ಬಲತುದಿಯಲ್ಲಿ ಇವೆರಡು ಇರುತ್ತವೆ. ಎಫಿಶಿಯನ್ಸಿ ಲೆಕ್ಕ ಸುಲಭ. ಪಾಯಿಂಟ್, ರಿಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಕೂಡಿ. ಅದರಿಂದ ತಪ್ಪಿದ ಎಸೆತ, ತಪ್ಪಿದ ಫ್ರೀ ಥ್ರೋ, ಟರ್ನೋವರ್ ಕಳೆಯಿರಿ.

9ನೇ ನಂಬರ್: 8 ಪಾಯಿಂಟ್ + 9 ರಿಬೌಂಡ್ + 5 ಅಸಿಸ್ಟ್ + 3 ಸ್ಟೀಲ್ + 1 ಬ್ಲಾಕ್ = 26. ತಪ್ಪಿದ ಎಸೆತ 4, ಟರ್ನೋವರ್ 2. ಉಳಿದದ್ದು 20.

7ನೇ ನಂಬರ್: 16 + 2 + 1 + 1 + 0 = 20. ತಪ್ಪಿದ ಎಸೆತ 14, ತಪ್ಪಿದ ಫ್ರೀ ಥ್ರೋ 3, ಟರ್ನೋವರ್ 6. ಒಟ್ಟು 23 ಕಳೆದರೆ ಮೈನಸ್ 3.

ಮಾರನೇ ದಿನ ಸಂಜೆ ಇಬ್ಬರನ್ನೂ ಕೂರಿಸಿ ತೋರಿಸಿದೆ. 9ನೇ ನಂಬರಿನವಳು ಬೆರಳಿಟ್ಟು ತನ್ನ ಸಾಲನ್ನು ಎರಡು ಸಲ ಓದಿದಳು. 7ನೇ ನಂಬರಿನವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನಾನು ಕೊಟ್ಟ ಪಾಸ್ ಒಂದೇನಾ?" ಅಂದಳು. ಅವಳನ್ನು ಚಿಕ್ಕದು ಮಾಡುವುದಕ್ಕೆ ತೋರಿಸಿದ್ದಲ್ಲ. ಆ ಪ್ರಶ್ನೆ ಅವಳ ಬಾಯಿಂದಲೇ ಬರಲಿ ಅಂತಲೇ ತೋರಿಸಿದ್ದು.

ಪ್ಲಸ್ ಮೈನಸ್ ಅಂದರೆ ಆ ಆಟಗಾರ ಕೋರ್ಟಿನಲ್ಲಿ ಇದ್ದಾಗ ತಂಡ ಎಷ್ಟು ಮುಂದೆ ಹೋಯಿತು, ಎಷ್ಟು ಹಿಂದೆ ಬಿತ್ತು ಅನ್ನೋದು. ಇದನ್ನು ಒಂದೇ ಆಟದಲ್ಲಿ ನಂಬಬೇಡಿ. ಒಳ್ಳೆಯ ನಾಲ್ವರ ಜೊತೆ ಆಡಿದವರಿಗೆ ಸುಮ್ನೆ ನಿಂತರೂ ಪ್ಲಸ್ ಬರುತ್ತದೆ. ಹತ್ತು ಹದಿನೈದು ಆಟದ್ದು ಕೂಡಿಸಿ ನೋಡಿದರೆ ಮಾತ್ರ ಏನಾದರೂ ತಿಳಿಯುತ್ತದೆ. ಎಫಿಶಿಯನ್ಸಿಗೂ ಒಂದು ಕೊರತೆ ಇದೆ. ಎದುರಾಳಿಯ ಒಳ್ಳೆಯ ಆಟಗಾರ್ತಿಯನ್ನು ಇಡೀ ಆಟ ಅಂಟಿಕೊಂಡು ಕಾದವಳ ಕೆಲಸ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಕಣ್ಣೇ ಬೇಕು.

ಹೆಜ್ಜೆ 8: ತಂಡಕ್ಕೆ ಎಷ್ಟು ಸರದಿ ಸಿಕ್ಕಿತು

ಕೆಲವು ತಂಡ ಓಡಿ ಆಡುತ್ತವೆ, ಕೆಲವು ನಿಧಾನ. ಹಾಗಾಗಿ 90 ಪಾಯಿಂಟ್ ಮಾಡಿದ ತಂಡ 75 ಮಾಡಿದ ತಂಡಕ್ಕಿಂತ ಚೆನ್ನಾಗಿ ಆಡಿತು ಅಂತ ಹೇಳಲಾಗುವುದಿಲ್ಲ. ಸರದಿ ಲೆಕ್ಕ ಹೀಗೆ: ಎಸೆತ + 0.44 × ಫ್ರೀ ಥ್ರೋ − ಆಫೆನ್ಸ್ ರಿಬೌಂಡ್ + ಟರ್ನೋವರ್. ಉದಾಹರಣೆಗೆ 62 ಎಸೆತ, 18 ಫ್ರೀ ಥ್ರೋ, 11 ಆಫೆನ್ಸ್ ರಿಬೌಂಡ್, 14 ಟರ್ನೋವರ್ ಅಂದರೆ ಹತ್ತಿರ ಹತ್ತಿರ 73 ಸರದಿ. ಆ ತಂಡ 66 ಪಾಯಿಂಟ್ ಮಾಡಿದ್ದರೆ 100 ಸರದಿಗೆ 90. ಎರಡು ತಂಡಗಳನ್ನು ಹೋಲಿಸುವುದಾದರೆ ಈ ಅಂಕಿಯಿಂದ ಹೋಲಿಸಿ.

ಹೆಜ್ಜೆ 9: ನಮ್ಮ ಕೋರ್ಟಿನಲ್ಲಿ ಬರೆಯುವುದು

ಮೊದಲು ಒಂದು ಟೇಪ್ ತನ್ನಿ. ರಿಂಗಿನ ನಡುಮಧ್ಯದ ಕೆಳಗೆ ನೆಲದಲ್ಲಿ ಒಂದು ಗುರುತು ಹಾಕಿ, ಅಲ್ಲಿಂದ ಮೂರು ಪಾಯಿಂಟ್ ಗೆರೆಯ ಹೊರ ಅಂಚಿಗೆ ಅಳೆಯಿರಿ. 6.75 ಬರಬೇಕು. 2010ರವರೆಗೆ ನಿಯಮ 6.25 ಇತ್ತು. ಹಳೆಯ ಸಿಮೆಂಟ್ ಕೋರ್ಟಿನಲ್ಲಿ ಅದೇ ಗೆರೆ ಉಳಿದಿರಬಹುದು. ಅರ್ಧ ಮೀಟರ್ ಒಳಗೆ ನಿಂತು ಹೊಡೆದ ಮೂರನ್ನು ಹೊರಗಿನ ಟೂರ್ನಿಯ ಮೂರಕ್ಕೆ ಹೋಲಿಸಿದರೆ ಮಕ್ಕಳಿಗೇ ಮೋಸ.

ಆಮೇಲೆ ಇಬ್ಬರು ಬೇಕು. ಒಬ್ಬರು ಆಟದಿಂದ ಕಣ್ಣು ತೆಗೆಯದೆ ಕೂಗಬೇಕು, ಇನ್ನೊಬ್ಬರು ತಲೆ ಎತ್ತದೆ ಬರೆಯಬೇಕು. ಒಬ್ಬರೇ ಎರಡೂ ಮಾಡಲು ಹೋದರೆ ಬರೆಯುವಾಗ ಒಂದು ರಿಬೌಂಡ್ ತಪ್ಪಿಯೇ ತಪ್ಪುತ್ತದೆ. ನಾನು ಮೊದಲ ವರ್ಷ ಒಬ್ಬನೇ ಬರೆದ ಪುಸ್ತಕದಲ್ಲಿ ಒಂದು ಆಟದ ಲೆಕ್ಕವೂ ಸರಿಯಾಗಿ ಕೂಡುವುದಿಲ್ಲ.

ಕಾಲಂ ಹಾಕಿ ಗೀಟು ಎಳೆಯಬೇಡಿ. ಆದದ್ದನ್ನು ಆದ ಹಾಗೆ ಒಂದರ ಕೆಳಗೆ ಒಂದು ಬರೆಯಿರಿ. ತಪ್ಪಾದರೆ ಎಲ್ಲಿ ತಪ್ಪಿತು ಅಂತ ಹುಡುಕಲು ಆಗುವುದು ಹೀಗೆ ಬರೆದಾಗ ಮಾತ್ರ. ನಮ್ಮ ಗುರುತುಗಳು ಇವು: ನಮ್ಮವರಿಗೆ ನ, ಎದುರಾಳಿಗೆ ಎ. ಬಿದ್ದರೆ ✓, ತಪ್ಪಿದರೆ ×. ಆಫೆನ್ಸ್ ರಿಬೌಂಡ್‌ಗೆ ಆ, ಡಿಫೆನ್ಸ್‌ಗೆ ಡಿ. ಅಸಿಸ್ಟ್‌ಗೆ ಪಾ, ಟರ್ನೋವರ್‌ಗೆ ಟ, ಸ್ಟೀಲ್‌ಗೆ ಕ, ಯಾಕೆಂದರೆ ಕಸಿದುಕೊಂಡದ್ದು. ಬ್ಲಾಕ್‌ಗೆ ತ, ತಡೆದದ್ದು. ಫೌಲ್‌ಗೆ ಫೌ. ಒಂದು ಅರ್ಧ ನಿಮಿಷದ ಆಟ ಹೀಗೆ ಕಾಣುತ್ತದೆ:

ನ 7 – 3 ×
ನ 9 – ಆ
ನ 4 – 2 ✓, ನ 9 – ಪಾ
ಎ 11 – ಟ, ನ 9 – ಕ

ಕೂಗುವವರು ಹೇಳುವುದು ಇಷ್ಟೇ: "ಏಳು, ಮೂರು, ಮಿಸ್. ಒಂಬತ್ತು ಹಿಡಿದಳು. ನಾಲ್ಕಕ್ಕೆ ಪಾಸ್, ಎರಡು, ಬಿತ್ತು. ಅವರ ಹನ್ನೊಂದು ಕಳೆದುಕೊಂಡಳು, ಒಂಬತ್ತು ಕಸಿದಳು." ನಾಲ್ಕು ಸಾಲಿನಲ್ಲಿ ಪಾಯಿಂಟ್ ಕಾಲಂಗೆ ಸಿಕ್ಕಿದ್ದು 4ನೇ ನಂಬರ್ ಒಬ್ಬಳೇ. ಅಷ್ಟರಲ್ಲಿ 9 ಮೂರು ಸಲ ಬಂದಿದ್ದಾಳೆ, ನೋಡಿ.

ಯಾರಾದರೂ ಬದಲಾದರೆ ಗಡಿಯಾರ ನೋಡಿ ಸಮಯ ಬರೆಯಿರಿ. ಕ್ವಾರ್ಟರ್ ಮುಗಿದಾಗ ಒಂದು ದಪ್ಪ ಗೆರೆ ಎಳೆದು ಅಲ್ಲಿಯವರೆಗಿನ ಸ್ಕೋರನ್ನು ಅಧಿಕೃತ ಸ್ಕೋರರ್ ಹತ್ತಿರ ತಾಳೆ ನೋಡಿ. ಮನೆಗೆ ಹೋದ ಮೇಲೆ ತಾಳೆ ನೋಡೋಣ ಅಂದರೆ ಆಗ ಕೇಳಲು ಯಾರೂ ಇರುವುದಿಲ್ಲ.

ಹೆಜ್ಜೆ 10: ರಾತ್ರಿ ಕೂತು ತಾಳೆ ನೋಡುವುದು

ಸಾಲುಗಳನ್ನು ಎಣಿಸಿ ಪಟ್ಟಿಗೆ ಇಳಿಸಿ. ಎರಡರ ಬುಟ್ಟಿ ಎರಡರಿಂದ, ಮೂರರದ್ದು ಮೂರರಿಂದ ಗುಣಿಸಿ ಫ್ರೀ ಥ್ರೋ ಸೇರಿಸಿದರೆ ತಂಡದ ಸ್ಕೋರ್ ಬರಬೇಕು. ನಿಮ್ಮ ತಂಡದ ಸ್ಟೀಲ್ ಎದುರಾಳಿಯ ಟರ್ನೋವರ್‌ಗಿಂತ ಜಾಸ್ತಿ ಇರಬಾರದು. ತಪ್ಪಿದ ಪ್ರತಿ ಎಸೆತದ ಕೆಳಗೆ ಯಾರದಾದರೂ ರಿಬೌಂಡ್ ಇದೆಯಾ ಅಂತ ಬೆರಳಿಟ್ಟು ನೋಡಿ, ಕ್ವಾರ್ಟರಿನ ಗಂಟೆ ಹೊಡೆದಾಗ ಗಾಳಿಯಲ್ಲಿದ್ದ ಎಸೆತ ಬಿಟ್ಟು. ಪ್ಲಸ್ ಮೈನಸ್ ಬರೆದಿದ್ದರೆ ಎಲ್ಲರದ್ದೂ ಕೂಡಿದಾಗ ಗೆಲುವಿನ ಅಂತರದ ಐದರಷ್ಟು ಬರಬೇಕು. 11ರಲ್ಲಿ ಗೆದ್ದರೆ 55.

ಮೊದಲ ದಿನವೇ ಇದೆಲ್ಲ ಬರೆಯಲು ಹೋಗಬೇಡಿ, ಕೈ ಸೋತು ಬಿಟ್ಟುಬಿಡುತ್ತೀರಿ. ಮೊದಲ ಮೂರು ಆಟಕ್ಕೆ ಎಸೆತ ಮತ್ತು ರಿಬೌಂಡ್ ಮಾತ್ರ ಬರೆಯಿರಿ. ಅದು ತಾಳೆಯಾಗಲು ಶುರುವಾದ ಮೇಲೆ ಟರ್ನೋವರ್ ಸೇರಿಸಿ. ಅಸಿಸ್ಟ್ ಕೊನೆಗೆ, ಯಾಕೆಂದರೆ ಅದರಲ್ಲಿ ತೀರ್ಪು ಬೇಕು, ತೀರ್ಪಿಗೆ ಅಭ್ಯಾಸ ಬೇಕು. ಈಗ ನಮ್ಮ ಹುಡುಗರ ಆಟ ಇದ್ದ ದಿನ ಕೂಗುವ ಕೆಲಸ 9ನೇ ನಂಬರಿನವಳದ್ದು, ಬರೆಯುವ ಕೆಲಸ 7ನೇ ನಂಬರಿನವಳದ್ದು.